ಸಾಂಟಾ ಫೆ ಜಗಲಿಯ ಬೆಳ್ಳಿ ಕಡಗ ಮತ್ತು ಮಾಲ್‌ನ ‘ನವಾಹೋ ಸ್ಟೈಲ್’ ಕಡಗ

ಎರಡು ಕಡಗಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಎರಡೂ ಬೆಳ್ಳಿ ಬಣ್ಣದವು. ಎರಡರ ನಡುಭಾಗದಲ್ಲೂ ಆಕಾಶನೀಲಿ ಕಲ್ಲು, ಅಂಚಿನುದ್ದಕ್ಕೂ ಅರ್ಧಚಂದ್ರ ಮತ್ತು ಬಾಣದ ಮೊನೆಯ ಅಚ್ಚುಗಳು. ಒಂದು ಫ್ಯಾಷನ್ ಅಂಗಡಿಯ ‘ನವಾಹೋ ಸ್ಟೈಲ್’ ಮಾಲು. ಇನ್ನೊಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆಯಲ್ಲಿ, ಪ್ಯಾಲೇಸ್ ಆಫ್ ದಿ ಗವರ್ನರ್ಸ್ ಕಟ್ಟಡದ ಜಗಲಿಯಲ್ಲಿ, ಮಾಡಿದವರ ಕೈಯಿಂದಲೇ ಕೊಂಡದ್ದು. ಮೇಲುಮೇಲಿಂದ ನೋಡಿದರೆ ಅಂಗಡಿಯ ಕಡಗವೇ ಹೆಚ್ಚು ಅಚ್ಚುಕಟ್ಟಾಗಿ ಕಾಣುತ್ತದೆ. ಈಗ ಎರಡನ್ನೂ ತಿರುಗಿಸಿ ಒಳಮೈ ನೋಡಿ. ಜಗಲಿಯ ಕಡಗದ ಒಳಗೆ ಅರ ಉಜ್ಜಿದ ಸಣ್ಣ ಗೆರೆಗಳಿವೆ, ಹೊರಗೆ ಸುತ್ತಿಗೆಯಿಂದ ಹೊಡೆದ ಅಚ್ಚಿನ ಉಬ್ಬು ಒಳಗೂ ಮಸುಕಾಗಿ ಮೂಡಿದೆ, ಒಂದು ಮೂಲೆಯಲ್ಲಿ ಮಾಡಿದವರ ಹೆಸರಿನ ಅಕ್ಷರಗಳಿವೆ, ಪಕ್ಕದಲ್ಲಿ ಬೆಳ್ಳಿಯ ಶುದ್ಧತೆ ಸೂಚಿಸುವ ‘ಸ್ಟರ್ಲಿಂಗ್’ ಎಂಬ ಮುದ್ರೆ. ಅಂಗಡಿಯ ಕಡಗದ ಒಳಗೆ ನುಣುಪಾದ ಮೈ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ. ಎರಕ ಹೊಯ್ದ ವಸ್ತುವಿನ ಗುರುತು ಅದು. ಯಾರ ಹೆಸರೂ ಇಲ್ಲ.

ನೇರವಾಗಿ ಹೇಳುವುದಾದರೆ, ಜಗಲಿಯ ಕಡಗವನ್ನು ಕೊಳ್ಳಿ, ‘ಸ್ಟೈಲ್’ ಕಡಗವನ್ನು ಬಿಡಿ. ಬೆಳ್ಳಿಯ ಗುಣ, ಕಲ್ಲಿನ ಗುಣ, ಬಾಳಿಕೆ ಎಲ್ಲದರಲ್ಲೂ ವ್ಯತ್ಯಾಸ ಇದೆ, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಆದರೆ ಮುಖ್ಯ ಕಾರಣ ಬೇರೆ. ನವಾಹೋ ಎಂಬುದು ಅಮೆರಿಕದ ಒಂದು ಮೂಲನಿವಾಸಿ ಜನಾಂಗದ ಹೆಸರು, ಡಿಸೈನ್‌ನ ಹೆಸರಲ್ಲ. ಆ ಹೆಸರನ್ನು ಹಾಕಿ ಮಾರಿದ ಮೇಲೆ ಆ ಜನರಿಗೆ ದುಡ್ಡು ಹೋಗಬೇಕು, ಮಾರಬೇಕೋ ಬೇಡವೋ ಎಂಬ ಮಾತೂ ಅವರದೇ ಆಗಿರಬೇಕು.

‘ಸ್ಟೈಲ್’ ಎಂಬ ಆ ಒಂದು ಪದದಲ್ಲೇ ಎಲ್ಲ ಅಡಗಿದೆ. ಅಮೆರಿಕದಲ್ಲಿ 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಆಕ್ಟ್ ಪ್ರಕಾರ, ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರೇ ಮಾಡಿದ್ದೆಂದು, ಅಥವಾ ಹಾಗೆ ಭಾಸವಾಗುವಂತೆ ಮಾರುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದ ವ್ಯಕ್ತಿಗೆ 2,50,000 ಡಾಲರ್‌ವರೆಗೆ ದಂಡ ಅಥವಾ 5 ವರ್ಷದವರೆಗೆ ಜೈಲು, ಅಥವಾ ಎರಡೂ. ಕಂಪನಿಯಾದರೆ ದಂಡ 10 ಲಕ್ಷ ಡಾಲರ್‌ವರೆಗೂ ಹೋಗಬಹುದು. ಇಲ್ಲಿ ‘ಇಂಡಿಯನ್’ ಎಂದರೆ ಕೇಂದ್ರ ಅಥವಾ ರಾಜ್ಯ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟಿನ ಸದಸ್ಯರು, ಇಲ್ಲವೇ ಬುಡಕಟ್ಟೇ ಕುಶಲಕರ್ಮಿ ಎಂದು ಪ್ರಮಾಣೀಕರಿಸಿದವರು. ಆದರೆ ಈ ಕಾನೂನು ತಡೆಯುವುದು ಸುಳ್ಳು ಹೇಳುವುದನ್ನು ಮಾತ್ರ, ನಕಲು ಮಾಡುವುದನ್ನಲ್ಲ. ಆದ್ದರಿಂದ ಚೀಟಿಯಲ್ಲಿ ‘ನವಾಹೋ’ ಪಕ್ಕ ‘ಸ್ಟೈಲ್’, ‘ಇನ್‌ಸ್ಪೈರ್ಡ್’, ‘ಸೌತ್‌ವೆಸ್ಟ್’, ‘ಟ್ರೈಬಲ್’ ಎಂಬ ಮಾತು ಸೇರಿಕೊಳ್ಳುತ್ತದೆ. ಆ ಮಾತು ಕಂಡಿರೋ, ಇದನ್ನು ಅವರು ಮಾಡಿಲ್ಲ ಎಂದು ಮಾರುವವರೇ ಬರೆದುಕೊಟ್ಟ ಹಾಗೆ ಎಂದು ತಿಳಿಯಿರಿ.

ಇನ್ನೊಂದು ನಿಯಮ ಕೊಳ್ಳುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ, ಗೊತ್ತಿರುವವರು ಮಾತ್ರ ಕಡಿಮೆ. ಹೊರದೇಶದಿಂದ ಅಮೆರಿಕಕ್ಕೆ ತರುವ ಈ ಬಗೆಯ ಆಭರಣದ ಮೇಲೆ, ಅದು ತಯಾರಾದ ದೇಶದ ಹೆಸರನ್ನು ಅಳಿಸಲಾಗದಂತೆ ಕೊರೆದು ಅಥವಾ ಅಚ್ಚೊತ್ತಿ ನಮೂದಿಸಬೇಕು ಎನ್ನುತ್ತದೆ ಕಸ್ಟಮ್ಸ್ ನಿಯಮ. ಹಾಗೆ ಗುರುತು ಹಾಕಲು ಸಾಧ್ಯವೇ ಇಲ್ಲದ ವಸ್ತುಗಳಿಗೆ ಮಾತ್ರ ದಾರ ಕಟ್ಟಿದ ಚೀಟಿ ಸಾಕು. ವಾಸ್ತವದಲ್ಲಿ ಮಾಲು ಒಳಬಂದ ಮೇಲೆ ಚೀಟಿ ಕಿತ್ತುಹೋಗುತ್ತದೆ, ಸ್ಟಿಕ್ಕರ್ ಸುಲಿದುಹೋಗುತ್ತದೆ, ಕೊರೆದದ್ದನ್ನು ಉಜ್ಜಿಬಿಡುತ್ತಾರೆ. ಹಾಗಾಗಿ ಒಳಮೈಯಲ್ಲಿ ಒಂದೇ ಕಡೆ ಚಪ್ಪಟೆಯಾಗಿ ಸವೆದಂತೆ, ಹೊಳಪು ಬೇರೆಯಾಗಿ ಕಂಡರೆ ಅನುಮಾನಪಡಿ. 2015ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ನಡೆದ ಕೇಂದ್ರ ಸರ್ಕಾರದ ದಾಳಿಯಲ್ಲಿ ಹೊರಬಿದ್ದದ್ದು ಇಂಥದೇ ಜಾಲ: ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಒಡವೆ ಇಲ್ಲಿನ ಅಂಗಡಿಗಳಲ್ಲಿ ಮೂಲನಿವಾಸಿಗಳ ಕೈಕೆಲಸವಾಗಿ ಮಾರಾಟವಾಗುತ್ತಿತ್ತು. 2018ರಲ್ಲಿ ಆಲ್ಬುಕರ್ಕಿಯ ಒಬ್ಬ ವ್ಯಾಪಾರಿಗೆ ಆರು ತಿಂಗಳ ಜೈಲಾಯಿತು. ಕಾನೂನಿನ ಪುಸ್ತಕದಲ್ಲಿರುವ ಐದು ವರ್ಷಕ್ಕೂ ಕೋರ್ಟಿನಿಂದ ಬಂದ ಆರು ತಿಂಗಳಿಗೂ ನಡುವಿನ ಅಂತರ ನೋಡಿದರೆ, ಕೊಳ್ಳುವವರ ಕಣ್ಣೇ ಇಲ್ಲಿ ಹೆಚ್ಚು ಕೆಲಸ ಮಾಡಬೇಕು ಎಂದು ಅರ್ಥವಾಗುತ್ತದೆ.

ಬೀದಿಬದಿಯ ಚಿಲ್ಲರೆ ಅಂಗಡಿಗಳಷ್ಟೇ ಇದರಲ್ಲಿ ತೊಡಗಿಲ್ಲ. ಅರ್ಬನ್ ಔಟ್‌ಫಿಟರ್ಸ್ ಎಂಬ ದೊಡ್ಡ ಬಟ್ಟೆ ಕಂಪನಿ 2011ರಲ್ಲಿ ‘ನವಾಹೋ’ ಹೆಸರಿನಲ್ಲಿ ಹತ್ತಾರು ವಸ್ತುಗಳನ್ನು ಮಾರಿತು. ಅದರಲ್ಲಿ ಒಳಉಡುಪೂ ಇತ್ತು, ಮದ್ಯ ತುಂಬಿ ಜೇಬಿನಲ್ಲಿಡುವ ಫ್ಲಾಸ್ಕೂ ಇತ್ತು. ನವಾಹೋ ನಾಡಿನೊಳಗೆ ಬಹುತೇಕ ಎಲ್ಲ ಕಡೆ ಮದ್ಯ ಮಾರಾಟಕ್ಕೇ ನಿಷೇಧವಿದೆ. ಅಂಥ ಜನರ ಹೆಸರನ್ನು ಫ್ಲಾಸ್ಕಿನ ಮೇಲೆ ಹಾಕುವ ಮುಂಚೆ ಒಂದು ಫೋನ್ ಮಾಡಿ ಕೇಳಿದ್ದರೂ ಸಾಕಿತ್ತು. 1943ರಿಂದಲೇ ‘ನವಾಹೋ’ ಹೆಸರಿನ ಟ್ರೇಡ್‌ಮಾರ್ಕ್ ಹೊಂದಿರುವ, ನವಾಹೋಗಳ ಸ್ವಂತ ಆಡಳಿತವಾದ ನವಾಹೋ ನೇಷನ್ 2012ರಲ್ಲಿ ದಾವೆ ಹೂಡಿತು. ಆ ಹೆಸರು ಕಾನೂನಿನ ಅರ್ಥದಲ್ಲಿ ‘ಪ್ರಸಿದ್ಧ’ ಬ್ರ್ಯಾಂಡ್ ಅಲ್ಲ ಎಂದು ನ್ಯಾಯಾಧೀಶರು 2016ರಲ್ಲಿ ಹೇಳಿ ದಾವೆಯ ಒಂದು ಭಾಗವನ್ನು ಕೈಬಿಟ್ಟರು. ಅದೇ ವರ್ಷದ ಕೊನೆಯಲ್ಲಿ ಎರಡೂ ಕಡೆಯವರು ರಾಜಿಯಾದರು. 2012ರಲ್ಲೇ ವಿಕ್ಟೋರಿಯಾಸ್ ಸೀಕ್ರೆಟ್‌ನ ಒಳಉಡುಪು ಪ್ರದರ್ಶನದಲ್ಲಿ ಮಾಡೆಲ್ ಒಬ್ಬಳು ನೆಲಮುಟ್ಟುವ ಗರಿಗಳ ಕಿರೀಟ ಹೊತ್ತು, ಕೊರಳ ತುಂಬ ಟರ್ಕ್ವಾಯ್ಸ್ ಎಂಬ ನೀಲಿ ಕಲ್ಲು ಹೇರಿಕೊಂಡು ನಡೆದಳು. ಗರಿ ಕಿರೀಟ ಉತ್ತರದ ಬಯಲುಸೀಮೆಯ ಲಕೋಟಾ, ಶಯೆನ್ ಮೊದಲಾದ ಜನರದು. ಅದರ ಒಂದೊಂದು ಹದ್ದಿನ ಗರಿಯೂ ಒಂದೊಂದು ಸಾಧನೆಗೆ ಸಮುದಾಯ ಕೊಟ್ಟ ಮನ್ನಣೆ, ದುಡ್ಡು ಕೊಟ್ಟು ಪಡೆಯುವಂಥದ್ದಲ್ಲ. ಟರ್ಕ್ವಾಯ್ಸ್ ಬೆಳ್ಳಿಕೆಲಸ ನೈಋತ್ಯದ ಒಣನಾಡಿನದು. ಎಲ್ಲಿಯದನ್ನೋ ಎಲ್ಲಿಗೋ ಅಂಟಿಸಿದರು. ಕಂಪನಿ ಕ್ಷಮೆ ಕೇಳಿ, ಆ ಭಾಗವನ್ನು ಟೀವಿ ಪ್ರಸಾರದಿಂದ ತೆಗೆದುಹಾಕಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದಕ್ಕೆ ನ್ಯಾಯವಾದ ಉತ್ತರ ಕೊಡಬೇಕು. ನವಾಹೋಗಳೂ ಬೆಳ್ಳಿಕೆಲಸ ಕಲಿತದ್ದು ಬೇರೆಯವರಿಂದಲ್ಲವೇ? ಹೌದು. ಹತ್ತೊಂಬತ್ತನೆಯ ಶತಮಾನದ ನಡುವೆ ಮೆಕ್ಸಿಕನ್ ಅಕ್ಕಸಾಲಿಗಳಿಂದ ಕಲಿತರು. ಮೊದಲ ನವಾಹೋ ಬೆಳ್ಳಿ ಅಕ್ಕಸಾಲಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಅತ್ಸಿದಿ ಸಾನಿಯನ್ನು. ಆ ಹೆಸರಿನ ಅರ್ಥವೇ ‘ಹಿರಿಯ ಕಮ್ಮಾರ’ ಎಂದು. ಸ್ಕ್ವಾಷ್ ಬ್ಲಾಸಮ್ ಎಂಬ ಪ್ರಸಿದ್ಧ ಕಂಠಹಾರದ ನಡುವೆ ತೂಗುವ ‘ನಾಹಾ’ ಎಂಬ ಅರ್ಧಚಂದ್ರ, ಸ್ಪೇನ್‌ನವರ ಕುದುರೆಯ ಹಣೆಪಟ್ಟಿಯಿಂದ ಬಂದದ್ದು, ಸ್ಪೇನ್‌ಗೆ ಅದು ಉತ್ತರ ಆಫ್ರಿಕಾದ ಮೂರ್ ಜನರಿಂದ ಬಂದದ್ದು. ಕಲೆ ಹೀಗೆ ಕೈಯಿಂದ ಕೈಗೆ ಹೋಗುವುದು ಸಹಜ. ಆದರೆ ಅತ್ಸಿದಿ ಸಾನಿ ತನ್ನ ಕೆಲಸವನ್ನು ಮೆಕ್ಸಿಕನ್ನರ ಹೆಸರು ಹಾಕಿ ಮಾರಲಿಲ್ಲ, ಅವರ ಹೊಟ್ಟೆಯ ಮೇಲೆ ಹೊಡೆಯಲಿಲ್ಲ. ‘ಸ್ಟೈಲ್’ ಕಡಗ ಆ ಎರಡನ್ನೂ ಮಾಡುತ್ತದೆ. ಕೈಯಲ್ಲಿ ಎರಡು ದಿನ ಹಿಡಿಯುವ ಕಡಗದ ಬೆಲೆಯನ್ನು ಗಂಟೆಗೆ ನೂರಾರು ಎರಕ ಹೊಯ್ಯುವ ಕಾರ್ಖಾನೆಯ ಬೆಲೆಯ ಪಕ್ಕ ನಿಲ್ಲಿಸುತ್ತದೆ.

ಚಿಹ್ನೆಗಳ ವಿಷಯದಲ್ಲಂತೂ ಕೊಳ್ಳುವವರಿಗೆ ಇನ್ನಷ್ಟು ಎಚ್ಚರ ಬೇಕು. ಪ್ರವಾಸಿ ಅಂಗಡಿಗಳಲ್ಲಿ ಒಡವೆಯ ಜೊತೆ ಒಂದು ಕಾರ್ಡು ಕೊಡುತ್ತಾರೆ: ಅಡ್ಡಬಾಣ ಎಂದರೆ ಸ್ನೇಹ, ಥಂಡರ್‌ಬರ್ಡ್ ಎಂಬ ಹಕ್ಕಿ ಎಂದರೆ ಸುಖ, ಹಾವು ಎಂದರೆ ಜಾಣತನ, ಹೀಗೆ. ರೈಲಿನಲ್ಲಿ ಬರುವ ಪ್ರವಾಸಿಗರಿಗೆಂದು ವ್ಯಾಪಾರಿಗಳು ಕಟ್ಟಿದ ನಿಘಂಟು ಅದು. ನೂರಾರು ಬುಡಕಟ್ಟುಗಳಿಗೆ ಒಂದೇ ಅರ್ಥಕೋಶ ಇರಲು ಸಾಧ್ಯವೇ ಇಲ್ಲ. ಅದೇ ಅಂಗಡಿಯಲ್ಲಿ ತೂಗುಬಿಟ್ಟಿರುವ, ಬಳೆಗೆ ದಾರದ ಬಲೆ ಹೆಣೆದ ಡ್ರೀಮ್‌ಕ್ಯಾಚರ್ ಕೂಡ ಈ ನಾಡಿನದಲ್ಲ, ದೂರದ ದೊಡ್ಡ ಸರೋವರಗಳ ಸೀಮೆಯ ಒಜಿಬ್ವೆ ಜನರದು. ಸಾಂಟಾ ಫೆಯಲ್ಲಿ ಎಲ್ಲೆಲ್ಲೂ ಕಾಣುವ, ನಡುವೆ ವೃತ್ತವಿದ್ದು ನಾಲ್ಕು ದಿಕ್ಕಿಗೂ ನಾಲ್ಕು ನಾಲ್ಕು ಗೆರೆಗಳಿರುವ ಸೂರ್ಯ, ಜಿಯಾ ಪ್ವೆಬ್ಲೊ ಜನರಿಗೆ ಪವಿತ್ರವಾದ ಚಿಹ್ನೆ. ಅವರ ಒಂದು ಮಡಕೆಯ ಮೇಲಿನ ಚಿತ್ರವನ್ನು ತೆಗೆದು 1925ರಲ್ಲಿ ರಾಜ್ಯದ ಬಾವುಟಕ್ಕೆ ಹಾಕಿಕೊಂಡರು. ಈಗ ಅದು ಟೀ ಶರ್ಟು, ಕೀಲಿ ಗೊಂಚಲು, ಬಿಯರ್ ಲೋಟ ಎಲ್ಲದರ ಮೇಲೂ ಇದೆ. ಬೇರೆಯವರು ಮಾಡಿದ ಜಿಯಾ ಸೂರ್ಯನ ಪದಕ ಎಷ್ಟೇ ಚೆನ್ನಾಗಿದ್ದರೂ ನನ್ನ ಸಲಹೆ ಬೇಡ ಎಂದೇ.

ಸ್ವಸ್ತಿಕದಂತೆ ಕಾಣುವ ಚಿಹ್ನೆಯೊಂದು ಹಳೆಯ ನವಾಹೋ ಬೆಳ್ಳಿಯಲ್ಲೂ ಕಂಬಳಿಯಲ್ಲೂ ಇದೆ. ಅವರ ಮಟ್ಟಿಗೆ ಅದು ‘ಸುತ್ತುವ ದಿಮ್ಮಿ’, ಚಿಕಿತ್ಸೆಯ ವಿಧಿಗಳಿಗೆ ಸಂಬಂಧಿಸಿದ್ದು. ಜರ್ಮನಿಯ ನಾಜಿಗಳು ಅಂಥದೇ ಗುರುತನ್ನು ಎತ್ತಿಕೊಂಡ ಮೇಲೆ, 1940ರ ಫೆಬ್ರವರಿಯಲ್ಲಿ ನವಾಹೋ, ಹೋಪಿ, ಅಪಾಚಿ ಮತ್ತು ಆಗ ಪಾಪಾಗೋ ಎಂದು ಕರೆಯುತ್ತಿದ್ದ ತೊಹೊನೊ ಓಡಮ್ ಜನರ ಪ್ರತಿನಿಧಿಗಳು, ಇನ್ನು ಮುಂದೆ ತಮ್ಮ ಕಂಬಳಿ, ಬುಟ್ಟಿ, ಉಡುಪುಗಳ ಮೇಲೆ ಅದನ್ನು ಬಳಸುವುದಿಲ್ಲ ಎಂಬ ಘೋಷಣೆಗೆ ಸಹಿ ಹಾಕಿದರು. ತಮ್ಮದೇ ಮಂಗಳಚಿಹ್ನೆಯನ್ನು ಇನ್ನೊಬ್ಬರ ದುಷ್ಟತನಕ್ಕಾಗಿ ಬಿಟ್ಟುಕೊಟ್ಟವರ ನೋವು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಒಡವೆಯ ಮೇಲೆ ಆ ಗುರುತು ಕಂಡರೆ ಅದು 1940ಕ್ಕಿಂತ ಹಿಂದಿನದಿರಬಹುದು. ‘ಹಳೆಯದು’ ಎಂದು ಹೆಚ್ಚು ಬೆಲೆಗೆ ಮಾರುವ ಆಸೆಯಿಂದ ಈಗ ಒತ್ತಿದ್ದೂ ಇರಬಹುದು. ಆದ್ದರಿಂದ ಅದೊಂದನ್ನೇ ಕಾಲದ ಸಾಕ್ಷಿ ಎಂದು ನಂಬಬೇಡಿ.

ಈಗ ಜಗಲಿಗೆ ಬರೋಣ. ಪ್ಯಾಲೇಸ್ ಆಫ್ ದಿ ಗವರ್ನರ್ಸ್ 1610ರ ಕಾಲದ ಮಣ್ಣಿನ ಕಟ್ಟಡ, ಊರ ನಡುವಿನ ಪ್ಲಾಜಾ ಎಂಬ ಚೌಕದ ಉತ್ತರಕ್ಕಿದೆ. ಈಗ ನ್ಯೂ ಮೆಕ್ಸಿಕೊ ಇತಿಹಾಸ ವಸ್ತುಸಂಗ್ರಹಾಲಯದ ಭಾಗ. ಮುಂಭಾಗದ ಉದ್ದನೆಯ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಇಟ್ಟಿಗೆ ನೆಲದ ಮೇಲೆ ಬಟ್ಟೆ ಹಾಸಿ, ಕುಶಲಕರ್ಮಿಗಳು ಸಾಲಾಗಿ ಕೂರುತ್ತಾರೆ. ಜಾಗಕ್ಕಿಂತ ಕೂರಬಯಸುವವರು ಹೆಚ್ಚಾದ ದಿನ ಬೆಳಿಗ್ಗೆ ಚೀಟಿ ಎತ್ತಿದ ಹಾಗೆ ಎತ್ತಿ ಜಾಗ ಹಂಚುತ್ತಾರೆ. ಆದ್ದರಿಂದ ನಿನ್ನೆ ನೋಡಿದವರು ಇವತ್ತು ಅಲ್ಲೇ ಸಿಗುತ್ತಾರೆ ಎಂದು ಲೆಕ್ಕ ಹಾಕಬೇಡಿ. ಮನಸ್ಸಿಗೆ ಹಿಡಿಸಿದರೆ ಅವರ ಹೆಸರು, ಮುದ್ರೆ ಬರೆದುಕೊಳ್ಳಿ.

ಇಲ್ಲಿ ಕೂರಲು ಬುಡಕಟ್ಟಿನ ಸದಸ್ಯತ್ವದ ದಾಖಲೆ ಬೇಕು, ಕೆಲಸ ಬರುತ್ತದೆ ಎಂದು ತೋರಿಸಬೇಕು, ಮಾರುವ ವಸ್ತು ತಾವೇ ಅಥವಾ ತಮ್ಮ ಮನೆಯವರೇ ಮಾಡಿದ್ದಾಗಿರಬೇಕು, ಅದರ ಮೇಲೆ ತಮ್ಮ ಮುದ್ರೆ ಇರಬೇಕು. ಮೂಲನಿವಾಸಿಗಳಿಗೆ ಮಾತ್ರ ಜಾಗ ಕೊಡುವುದು ತಾರತಮ್ಯ ಎಂದು ಹೂಡಿದ ದಾವೆ ಕೇಂದ್ರದ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ, 1979ರಲ್ಲಿ ತೀರ್ಪು ಜಗಲಿಯ ಪರವಾಗಿ ಬಂತು. ನಿಯಮ ಕಾಗದದ ಮೇಲಷ್ಟೇ ಇಲ್ಲ ಎಂಬುದೇ ಈ ಜಗಲಿಯ ದೊಡ್ಡ ಬಲ. ಮಾಡಿದ ಕೈಯೂ ಮಾರುವ ಕೈಯೂ ಒಂದೇ ಮನೆಯವಾದ್ದರಿಂದ, ಕೇಳಿದ ಪ್ರಶ್ನೆಗೆ ‘ನಮಗೆ ಸಪ್ಲೈ ಮಾಡಿದವರನ್ನು ಕೇಳಬೇಕು’ ಎಂಬ ಉತ್ತರ ಬರುವುದಿಲ್ಲ.

ನಡವಳಿಕೆಯ ಬಗ್ಗೆ ಎರಡು ಮಾತು. ಫೋಟೊ ತೆಗೆಯುವ ಮುಂಚೆ ಕೇಳಿ, ಬೇಡ ಎಂದರೆ ಬಿಡಿ. ವಸ್ತುವನ್ನು ಎತ್ತಿ ನೋಡಲು ಯಾರೂ ಬೇಡ ಎನ್ನುವುದಿಲ್ಲ, ಆದರೆ ‘ನೋಡಬಹುದೇ’ ಎಂದು ಕೇಳಿ ಎತ್ತಿಕೊಳ್ಳಿ. ಅರ್ಧಬೆಲೆಗೆ ಚೌಕಾಸಿ ಮಾಡುವ ಜಾಗ ಇದಲ್ಲ. ಎರಡು ಮೂರು ವಸ್ತು ಒಟ್ಟಿಗೆ ಕೊಂಡಾಗ ಅವರಾಗಿಯೇ ಸ್ವಲ್ಪ ಬಿಡುವುದುಂಟು. ಎದುರಿಗಿರುವವರನ್ನು ‘ರೆಡ್ ಇಂಡಿಯನ್’ ಎಂದು ಕರೆಯುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ‘ನೀವು ಯಾವ ಸಮುದಾಯದವರು’ ಎಂದು ಕೇಳಿದರೆ ಕೇವಾ, ಜೂನಿ, ಡಿನೆ ಎಂದು ತಮ್ಮ ಹೆಸರನ್ನು ತಾವೇ ಹೇಳುತ್ತಾರೆ. ನವಾಹೋಗಳು ತಮ್ಮನ್ನು ಕರೆದುಕೊಳ್ಳುವುದು ಡಿನೆ ಎಂದು. ಸಮುದಾಯ ಗೊತ್ತಾದರೆ ಕೆಲಸದ ಗುಣ ಅಳೆಯುವುದಕ್ಕೂ ದಾರಿ ಸಿಗುತ್ತದೆ, ಏಕೆಂದರೆ ಎಲ್ಲರ ಕೆಲಸವೂ ಒಂದೇ ಥರ ಅಲ್ಲ.

ಡಿನೆ ಕೆಲಸದಲ್ಲಿ ಲೋಹವೇ ಮುಂದು. ಉಕ್ಕಿನ ಅಚ್ಚನ್ನು ಬೆಳ್ಳಿಯ ತಗಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದೊಂದೇ ಏಟು ಹೊಡೆಯುತ್ತಾರೆ. ಆದ್ದರಿಂದ ಸಾಲಿನಲ್ಲಿರುವ ಹತ್ತು ಅರ್ಧಚಂದ್ರಗಳಲ್ಲಿ ಒಂದೆರಡು ಕೂದಲೆಳೆಯಷ್ಟು ವಾಲಿರುತ್ತವೆ, ಆಳ ಹೆಚ್ಚುಕಡಿಮೆ ಇರುತ್ತದೆ, ಗೆರೆಯ ಅಂಚು ಬೆರಳಿಗೆ ಚೂಪಾಗಿ ಸಿಗುತ್ತದೆ. ಎರಕದ ನಕಲಿನಲ್ಲಿ ಗೆರೆಯ ಅಂಚು ಸೋಪಿನ ಮೇಲೆ ಕೊರೆದ ಹಾಗೆ ಮಂದವಾಗಿರುತ್ತದೆ. ಅಂಗಡಿಯಲ್ಲಿ ಅದೇ ಡಿಸೈನಿನ ಇನ್ನೊಂದು ಕಡಗ ಕೇಳಿ ಪಕ್ಕದಲ್ಲಿಡಿ. ವಾಲಿದ ಅಚ್ಚು ಎರಡರಲ್ಲೂ ಒಂದೇ ಕಡೆ ಒಂದೇ ಥರ ವಾಲಿದ್ದರೆ ಎರಡೂ ಒಂದೇ ಮೂಸೆಯಲ್ಲಿ ಹುಟ್ಟಿವೆ. ಮುದ್ರೆಯೂ ಎರಕದಲ್ಲೇ ಮೂಡಿ ಮಸುಕಾಗಿದ್ದರೆ, ಯಾರದೋ ಒಡವೆಯನ್ನು ಅವರ ಹೆಸರಿನ ಸಮೇತ ನಕಲು ಮಾಡಿದ್ದಾರೆ ಎಂದು ಅರ್ಥ. ಇಲ್ಲಿ ಒಂದು ವಿನಾಯಿತಿ ನೆನಪಿಡಿ: ಮೆತ್ತನೆಯ ಜ್ವಾಲಾಮುಖಿ ಕಲ್ಲಿನಲ್ಲಿ ಅಚ್ಚು ಕೊರೆದು ಎರಕ ಹೊಯ್ಯುವುದು ಡಿನೆಗಳದೇ ಹಳೆಯ ವಿಧಾನ. ಅದರ ಮೈ ತರಿತರಿಯಾಗಿದ್ದು, ಮೇಲೆ ಕೈಯಿಂದ ಅರ ಹಾಕಿ ಮುಗಿಸಿರುತ್ತಾರೆ. ಎರಕ ಎಂದಾಕ್ಷಣ ನಕಲಿ ಎಂದು ತಳ್ಳಿಹಾಕಬೇಡಿ, ಹೇಗೆ ಹೊಯ್ದಿರಿ ಎಂದು ಕೇಳಿ.

ಜೂನಿಗಳದು ಕಲ್ಲೇ ಮುಂದು. ಬತ್ತದ ಕಾಳಿಗಿಂತ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಅರೆದು ಸಾಲಾಗಿ ಕಟ್ಟುತ್ತಾರೆ, ಅಥವಾ ಚಿಪ್ಪು, ಹವಳ, ಕಪ್ಪುಕಲ್ಲುಗಳನ್ನು ಕತ್ತರಿಸಿ ಒಂದಕ್ಕೊಂದು ಹೊಂದಿಸಿ ಚಿತ್ರ ಕೂರಿಸುತ್ತಾರೆ. ಭೂತಗನ್ನಡಿಯಿಟ್ಟು ಕಲ್ಲುಗಳ ನಡುವಿನ ಸಂದು ನೋಡಿ. ಒಳ್ಳೆಯ ಕೆಲಸದಲ್ಲಿ ಕಲ್ಲಿಗೆ ಕಲ್ಲು ತಾಗಿರುತ್ತದೆ, ಅಗ್ಗದ್ದರಲ್ಲಿ ಸಂದಿಗೆ ಬಣ್ಣದ ಅಂಟು ತುಂಬಿರುತ್ತದೆ. ಹೋಪಿಗಳು ಎರಡು ತಗಡು ಬಳಸುತ್ತಾರೆ: ಮೇಲಿನದರಲ್ಲಿ ಗರಗಸದಿಂದ ಚಿತ್ರ ಕತ್ತರಿಸಿ ಕೆಳಗಿನದಕ್ಕೆ ಬೆಸೆದು, ತಗ್ಗಾದ ಜಾಗವನ್ನು ಕಪ್ಪು ಮಾಡುತ್ತಾರೆ. ಪಕ್ಕದಿಂದ ನೋಡಿದರೆ ಎರಡು ಪದರ ಸೇರಿದ ಗೆರೆ ಕಾಣಬೇಕು. ಬರೀ ಕೊರೆದು ಕಪ್ಪು ಬಣ್ಣ ತುಂಬಿದ್ದಕ್ಕೆ ಆ ಗೆರೆ ಇರುವುದಿಲ್ಲ. ಕೇವಾದವರ ಹೇಶಿ ಮಣಿಸರಕ್ಕೆ ಕಣ್ಣಿಗಿಂತ ಬೆರಳೇ ಒಳ್ಳೆಯ ಪರೀಕ್ಷಕ. ಚಿಪ್ಪಿನ ಚೂರುಗಳಿಗೆ ತೂತು ಕೊರೆದು, ಪೋಣಿಸಿ, ಇಡೀ ಸರವನ್ನೇ ಸಾಣೆಕಲ್ಲಿಗೆ ಹಿಡಿದು ಉರುಟಾಗಿಸುತ್ತಾರೆ. ಮುಚ್ಚಿದ ಮುಷ್ಟಿಯಲ್ಲಿ ಎಳೆದರೆ ಎಲ್ಲೂ ತಡೆಯದೆ ಹಾವಿನ ಹಾಗೆ ಜಾರಬೇಕು.

ಕಲ್ಲಿನ ವಿಷಯದಲ್ಲಿ ಅಸಲಿ ಅಂಗಡಿಯಲ್ಲೂ ಗೊಂದಲ ಉಂಟು. ಟರ್ಕ್ವಾಯ್ಸ್ ಎಂದರೆ ಫಿರೋಜಾ. ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಫಾಸ್ಫೇಟ್, ಗಡಸುತನ 1ರಿಂದ 10ರ ಮೋಹ್ಸ್ ಅಳತೆಯಲ್ಲಿ 5ರಿಂದ 6. ಗಣಿಯಿಂದ ಬರುವ ಬಹುಪಾಲು ಕಲ್ಲು ಸೀಮೆಸುಣ್ಣದಂತೆ ಮೆತ್ತಗಿದ್ದು ಹೀರುವ ಗುಣದ್ದು. ಅದನ್ನು ಹಾಗೇ ಕಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ಒತ್ತಡದಲ್ಲಿ ಅಂಟು ಹೊಗಿಸಿ ಗಟ್ಟಿ ಮಾಡುತ್ತಾರೆ. ಇದಕ್ಕೆ ‘ಸ್ಟೆಬಿಲೈಸ್ಡ್’ ಎನ್ನುತ್ತಾರೆ. ದಿನಬಳಕೆಯ ಕಡಗಕ್ಕೆ ಇದು ತಪ್ಪಲ್ಲ, ಹೇಳದೆ ಮಾರಿದರೆ ತಪ್ಪು. ಏನೂ ಸೇರಿಸದೆ ಗಟ್ಟಿಯಾಗಿರುವ ‘ನ್ಯಾಚುರಲ್’ ಕಲ್ಲು ಅಪರೂಪ, ಬೆಲೆಯೂ ಕೆಲವು ಪಟ್ಟು ಹೆಚ್ಚು. ಇವೆರಡರ ಕೆಳಗೆ, ಕಲ್ಲಿನ ಪುಡಿಗೆ ಅಂಟು ಕಲಸಿ ಒತ್ತಿದ್ದು ಬರುತ್ತದೆ. ಅದಕ್ಕೂ ಕೆಳಗೆ ‘ಬ್ಲಾಕ್’, ಅದು ಕಲ್ಲೇ ಅಲ್ಲ, ಬಣ್ಣದ ಪ್ಲಾಸ್ಟಿಕ್. ಬಿಳಿಯ ಹೌಲೈಟ್ ಅಥವಾ ಮ್ಯಾಗ್ನೆಸೈಟ್ ಕಲ್ಲಿಗೆ ನೀಲಿ ಬಣ್ಣ ಹಾಕಿ ಮಾರುವುದೂ ಉಂಟು.

ಹೀಗಾಗಿ ‘ಇದು ರಿಯಲ್ಲಾ’ ಎಂದು ಕೇಳಬೇಡಿ. ಅಂಟು ಹೊಗಿಸಿದ್ದಕ್ಕೂ ‘ರಿಯಲ್’ ಎನ್ನಬಹುದು, ಅದು ಸುಳ್ಳೂ ಅಲ್ಲ. ‘ನ್ಯಾಚುರಲ್ಲೋ ಸ್ಟೆಬಿಲೈಸ್ಡೋ, ಯಾವ ಗಣಿಯದು’ ಎಂದು ಕೇಳಿ. ಜಗಲಿಯವರು ಸಾಮಾನ್ಯವಾಗಿ ಸಲೀಸಾಗಿ ಹೇಳುತ್ತಾರೆ. ಗಣಿಯ ಹೆಸರು ಕೇಳಿದಾಗ ‘ಸ್ಲೀಪಿಂಗ್ ಬ್ಯೂಟಿ’ ಎಂಬ ಉತ್ತರ ಬಂದರೆ ಬೆಲೆ ನೋಡಿ. ಅರಿಜೋನಾದ ಆ ಗಣಿಯಲ್ಲಿ ಟರ್ಕ್ವಾಯ್ಸ್ ತೆಗೆಯುವುದು 2012ರಲ್ಲೇ ನಿಂತಿದೆ. ಉಳಿದ ದಾಸ್ತಾನು ಅಗ್ಗಕ್ಕೆ ಸಿಗಲಾರದು. ಕಲ್ಲು ಚೀನಾದ್ದು ಎಂದು ಕುಶಲಕರ್ಮಿಯೇ ಹೇಳಿದರೆ ಗಾಬರಿ ಬೇಡ. ಅಲ್ಲಿಂದ ಬರುವ ಕಲ್ಲನ್ನು ಇಲ್ಲಿನ ಅನೇಕರು ಬಳಸುತ್ತಾರೆ. ಕೆಲಸ ಅವರದೇ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು.

ಕಣ್ಣಳತೆಯ ಪರೀಕ್ಷೆಗಳು ಕೆಲವಿವೆ. ಅಸಲಿ ಕಲ್ಲಿನ ಕಂದು ಅಥವಾ ಕಪ್ಪು ನರಗಳು ತಾಯಿಬಂಡೆಯ ತುಣುಕುಗಳು. ಉಗುರು ಆಡಿಸಿದರೆ ಕೆಲವು ಕಡೆ ಸಣ್ಣ ತಗ್ಗು ಸಿಗುತ್ತದೆ. ಬಣ್ಣ ಹಾಕಿದ ಹೌಲೈಟ್‌ನಲ್ಲಿ ನೀಲಿ ಬಣ್ಣ ಬಿರುಕುಗಳಲ್ಲಿ ಗಾಢವಾಗಿ ನಿಂತಿರುತ್ತದೆ. ಪ್ಲಾಸ್ಟಿಕ್ ಕೆನ್ನೆಗೆ ಹಿಡಿದರೆ ತಣ್ಣಗೆನಿಸುವುದಿಲ್ಲ, ಕೈಯಲ್ಲಿ ಹಗುರ. ಕಾಯಿಸಿದ ಸೂಜಿ ಚುಚ್ಚುವುದು, ಉಗುರುಬಣ್ಣ ತೆಗೆಯುವ ಅಸಿಟೋನ್ ಒರೆಸುವುದು ಇವೆಲ್ಲ ಇಂಟರ್‌ನೆಟ್ಟಿನಲ್ಲಿ ಹೇಳುವ ಪರೀಕ್ಷೆಗಳು, ಕಲ್ಲನ್ನೇ ಹಾಳುಮಾಡಬಹುದು. ಕೊಳ್ಳದ ವಸ್ತುವಿಗಂತೂ ಮಾಡಲೇಬಾರದು. ಲೋಹಕ್ಕೆ ಅಯಸ್ಕಾಂತ ಹಿಡಿದು ನೋಡಿದರೂ ಹೆಚ್ಚು ಪ್ರಯೋಜನವಿಲ್ಲ. ತಾಮ್ರ, ನಿಕಲ್, ಸತು ಬೆರೆತ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಕಣವೂ ಇಲ್ಲ, ಆದರೂ ಸಾಮಾನ್ಯವಾಗಿ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ನೂರಕ್ಕೆ 92.5 ಬೆಳ್ಳಿ ಎಂದು ಸೂಚಿಸುವ ‘925’ ಅಥವಾ ‘ಸ್ಟರ್ಲಿಂಗ್’ ಮುದ್ರೆ ನೋಡಿ. ಹಳೆಯ ಒಡವೆಗೆ ಮಾತ್ರ ಈ ಮುದ್ರೆಯ ನಿಯಮ ಹೊಂದುವುದಿಲ್ಲ. ಮೊದಲು ಹೆಸರನ್ನಾಗಲಿ ಈ ಮುದ್ರೆಯನ್ನಾಗಲಿ ಒತ್ತುವ ರೂಢಿಯೇ ಕಡಿಮೆಯಿತ್ತು.

ಕಡಗ ಅಳತೆಗೆ ಸರಿಯಾಗಿ ಕೊಳ್ಳದಿದ್ದರೆ ಇಷ್ಟೆಲ್ಲ ನೋಡಿಯೂ ವ್ಯರ್ಥ. ಮಣಿಕಟ್ಟಿನ ಸುತ್ತಳತೆ ತೆಗೆಯಿರಿ. ಕಡಗದ ಒಳಸುತ್ತು ಮತ್ತು ಬಾಯಿಯ ಸಂದು ಸೇರಿ ಆ ಅಳತೆಗೆ ಹತ್ತಿರ ಬರಬೇಕು. 6 ಇಂಚಿನ ಮಣಿಕಟ್ಟಿಗೆ ಸುಮಾರು 5 ಇಂಚಿನ ಒಳಸುತ್ತು, 1 ಇಂಚಿನ ಸಂದು. ಹಾಕಿಕೊಳ್ಳುವಾಗ ಬಾಯಿ ಅಗಲಿಸಬೇಡಿ. ಮಣಿಕಟ್ಟಿನ ಪಕ್ಕದ ತೆಳು ಭಾಗಕ್ಕೆ ಒಂದು ತುದಿ ತಾಗಿಸಿ, ಓರೆಯಾಗಿ ಜಾರಿಸಿ, ಆಮೇಲೆ ತಿರುಗಿಸಿ. ಬೆಳ್ಳಿಯನ್ನು ಪದೇ ಪದೇ ಬಗ್ಗಿಸಿದರೆ ಅದು ಗಡಸಾಗಿ ಒಂದು ದಿನ ನಡುವೆ ಬಿರುಕು ಬಿಡುತ್ತದೆ. ಅದಕ್ಕೂ ಮುಂಚೆ, ಬಗ್ಗಿದ ಲೋಹದ ಮೇಲೆ ಬಗ್ಗದ ಕಲ್ಲು ಸಡಿಲವಾಗಿ ಹಾರುತ್ತದೆ. ಜೂನಿ ಚಿತ್ರದ ಕಡಗಕ್ಕೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಸರಿಹೊಂದದಿದ್ದರೆ ಮಾಡಿದವರಿಂದಲೇ ಅಲ್ಲೇ ಬಗ್ಗಿಸಿಕೊಳ್ಳಿ.

ತೊಳೆಯುವ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಬೆಳ್ಳಿಯನ್ನು ಅದ್ದಿ ತೆಗೆಯುವ ದ್ರಾವಣ ಟರ್ಕ್ವಾಯ್ಸ್‌ಗೆ ವಿಷ. ಹೋಪಿ ಕೆಲಸದ ಕಪ್ಪನ್ನೂ ಅದು ತೊಳೆದುಹಾಕುತ್ತದೆ, ಆ ಕಪ್ಪು ಹೋದರೆ ಚಿತ್ರವೇ ಹೋದಂತೆ. ಎಣ್ಣೆ, ಸನ್‌ಸ್ಕ್ರೀನ್, ಸೆಂಟು ಕಲ್ಲಿನೊಳಗೆ ಇಳಿದು ನೀಲಿಯನ್ನು ಹಸಿರಿಗೆ ತಿರುಗಿಸುತ್ತವೆ. ಸೆಂಟು ಹಾಕಿ ಒಣಗಿದ ಮೇಲೆ ಕಡಗ ತೊಡಿ, ಪಾತ್ರೆ ತೊಳೆಯುವಾಗ ತೆಗೆದಿಡಿ. ಒಣ ಮೆತ್ತನೆ ಬಟ್ಟೆಯಿಂದ ಎದ್ದ ಭಾಗ ಮಾತ್ರ ಒರೆಸಿ, ಗಾಳಿಯಾಡದ ಸಣ್ಣ ಚೀಲದಲ್ಲಿಟ್ಟರೆ ಸಾಕು.

ಜಗಲಿಯಲ್ಲಿ ಕೊರತೆಗಳೂ ಇವೆ. ವಸ್ತುವೆಲ್ಲ ನೆಲದ ಮೇಲಿರುವುದರಿಂದ ಮಂಡಿ ನೋವಿರುವವರಿಗೆ ಬಗ್ಗಿ ನೋಡುವುದು ಕಷ್ಟ. ಮಧ್ಯಾಹ್ನದ ಜನಸಂದಣಿಯಲ್ಲಿ ಎರಡು ಪ್ರಶ್ನೆ ಕೇಳುವುದೂ ಆಗುವುದಿಲ್ಲ, ಬೆಳಿಗ್ಗೆಯೇ ಹೋಗಿ. ಕಲ್ಲಿಗೆ ಏನು ಮಾಡಿದ್ದಾರೆ ಎಂದು ಎಲ್ಲರೂ ಚೀಟಿಯಲ್ಲಿ ಬರೆದಿಟ್ಟಿರುವುದಿಲ್ಲ. ಕೆಲಸದ ಮಟ್ಟವೂ ಒಂದೇ ಸಮ ಇರುವುದಿಲ್ಲ: ಕಲಿಯುತ್ತಿರುವವರ ಉಂಗುರವೂ, ನಲವತ್ತು ವರ್ಷ ಪಳಗಿದ ಕೈಯ ಕಡಗವೂ ಪಕ್ಕಪಕ್ಕದ ಬಟ್ಟೆಯ ಮೇಲಿರುತ್ತವೆ. ಸರಳ ಉಂಗುರ ಕೆಲವು ಹತ್ತು ಡಾಲರ್‌ಗೆ ಸಿಕ್ಕರೆ, ದಪ್ಪ ಕಡಗಕ್ಕೆ ನೂರಾರು ಡಾಲರ್ ಬೇಕು. ಅಷ್ಟು ದುಡ್ಡಿಲ್ಲದವರು ‘ಸ್ಟೈಲ್’ ಕಡಗಕ್ಕೆ ಹೋಗುವ ಬದಲು ಇಲ್ಲೇ ಒಂದು ಸಣ್ಣ ಓಲೆಯೋ ಉಂಗುರವೋ ಕೊಳ್ಳುವುದು ಮೇಲು. ವರ್ಷವಿಡೀ ‘ಶೇಕಡ 70 ರಿಯಾಯಿತಿ’ ಬೋರ್ಡು ನೇತುಹಾಕಿದ ಅಂಗಡಿಗಳ ಕಡೆ ತಿರುಗಿಯೂ ನೋಡಬೇಡಿ. ಬೆಳ್ಳಿಗೆ ಬೆಳ್ಳಿಯ ಬೆಲೆ ಇದ್ದೇ ಇದೆ, ಅಷ್ಟು ರಿಯಾಯಿತಿ ಕೊಡುತ್ತಾರೆಂದರೆ ಬೆಲೆಯನ್ನು ಮೊದಲೇ ಏರಿಸಿಟ್ಟಿರುತ್ತಾರೆ, ಇಲ್ಲವೇ ಅದು ಬೆಳ್ಳಿಯೇ ಅಲ್ಲ. ಆಗಸ್ಟ್‌ನಲ್ಲಿ ಹೋಗಲಾಗುವುದಾದರೆ 1922ರಿಂದ ನಡೆಯುತ್ತಿರುವ ಸಾಂಟಾ ಫೆ ಇಂಡಿಯನ್ ಮಾರ್ಕೆಟ್ ನೋಡಿ. ಅಲ್ಲಿನ ಬೆಲೆ ಹೆಚ್ಚು, ಕೆಲಸವೂ ಹಾಗೆಯೇ ಮೇಲ್ಮಟ್ಟದ್ದು.

ದುಡ್ಡು ಕೊಟ್ಟ ಮೇಲೆ ರಸೀದಿ ಕೇಳಿ ಬರೆಸಿಕೊಳ್ಳಿ, ತಾವಾಗಿ ಎಲ್ಲರೂ ಕೊಡುವುದಿಲ್ಲ. ಅದರಲ್ಲಿ ಮಾಡಿದವರ ಹೆಸರು, ಅವರ ಬುಡಕಟ್ಟು, ಲೋಹ ಸ್ಟರ್ಲಿಂಗ್ ಎಂಬುದು, ಕಲ್ಲು ನ್ಯಾಚುರಲ್ಲೋ ಸ್ಟೆಬಿಲೈಸ್ಡೋ ಎಂಬುದು, ತಾರೀಕು ಇಷ್ಟೂ ಇರಲಿ. ಯಾವುದೇ ಅಂಗಡಿಯಲ್ಲಿ ‘ಮೂಲನಿವಾಸಿಗಳೇ ಮಾಡಿದ್ದು’ ಎಂದು ಬಾಯಲ್ಲಿ ಹೇಳಿ, ರಸೀದಿಯ ಮೇಲೆ ಬುಡಕಟ್ಟಿನ ಹೆಸರು ಬರೆಯಲು ಹಿಂದೆಮುಂದೆ ನೋಡಿದರೆ ಕಡಗವನ್ನು ಅಲ್ಲೇ ಕೆಳಗಿಟ್ಟು ಹೊರಬನ್ನಿ. ಬರೆದುಕೊಟ್ಟು ಆಮೇಲೆ ಅದು ಸುಳ್ಳೆಂದು ಗೊತ್ತಾದರೆ, ಅದೇ ರಸೀದಿಯನ್ನೂ ಒಳಮೈಯ ಮುದ್ರೆಯ ಫೋಟೊವನ್ನೂ ಲಗತ್ತಿಸಿ ಅಮೆರಿಕದ ಕೇಂದ್ರ ಸರ್ಕಾರದ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಬೋರ್ಡ್‌ಗೆ ದೂರು ಕಳಿಸಬಹುದು.